ಬೆಳ್ಳಿ ಖಡ್ಗಕ್ಕೆ ಚಂದಾ ಎತ್ತುತ್ತಿರುವ ತಮ್ಮಂದಿರಿಗೆ

ಬಣಕಲ್, ಕೊಟ್ಟಿಗೆಹಾರ, ಬಾಳೂರು, ಜಾವಳಿ ಕಡೆಯ ಅಭಿಮಾನಿ ಬಳಗದ ಎಲ್ಲ ತಮ್ಮಂದಿರಿಗೆ,



ಮೊನ್ನೆ ಸಂಜೆ ನಿಮ್ಮಲ್ಲಿ ಮೂವರು ರಸೀದಿ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದಿದ್ದಿರಿ. ನಿಮ್ಮ ಮೆಚ್ಚಿನ ನಟರ ಹುಟ್ಟುಹಬ್ಬಕ್ಕೆ ಬೆಳ್ಳಿ ಖಡ್ಗ ಮಾಡಿಸುವುದು, ಗಾಡಿ ಮಾಡಿಕೊಂಡು ಬೆಂಗಳೂರಿಗೆ ಹೋಗಿ ಅವರ ಕೈಗೇ ಕೊಡುವುದು, ಅದೇ ದಿನ ಇಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ದೊಡ್ಡ ಕಟೌಟ್ ನಿಲ್ಲಿಸಿ ಹಾಲಿನ ಅಭಿಷೇಕ ಮಾಡುವುದು ಅಂತ ಹೇಳಿದಿರಿ. ಮನೆಗೆ 500 ರೂಪಾಯಿ ಅಂತ ನಿಗದಿ ಮಾಡಿದ್ದೀರಿ. ಫೋನಿನಲ್ಲಿ ಹಾಕುವವರಿಗೆ ಸ್ಕ್ಯಾನ್ ಮಾಡುವ ಚೀಟಿಯನ್ನೂ ತಂದಿದ್ದಿರಿ. "ಕಾಫಿಗೆ ಒಳ್ಳೆ ರೇಟ್ ಬಂದಿದೆಯಲ್ಲ ಅಕ್ಕ, ಜಾಸ್ತಿನೇ ಬರೀರಿ" ಅಂತ ಒಬ್ಬ ನಗುತ್ತಾ ಕೇಳಿದ. ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಯೋಚನೆ ಮಾಡಿದೆ. ಹೇಳಬೇಕಾದ್ದು ಮೂವರಿಗೆ ಹೇಳಿ ಮುಗಿಸುವಂಥದ್ದಲ್ಲ ಅನ್ನಿಸಿದ್ದರಿಂದ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಿಮ್ಮ ನಟರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಖಡ್ಗ ಕೇಳಿದವರಲ್ಲ, ನಾನು ಮಾತಾಡಬೇಕಾದದ್ದು ಅವರ ಹತ್ತಿರವೂ ಅಲ್ಲ. ಅವರ ಜಾಗದಲ್ಲಿ ಬೇರೆ ಯಾರಿದ್ದರೂ ಇದೇ ಪತ್ರ ಬರೆಯುತ್ತಿದ್ದೆ.

ಅಭಿಮಾನವನ್ನು ಹಗುರವಾಗಿ ನೋಡುವವಳು ನಾನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. 2000ದ ಜುಲೈ 30ರಂದು ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದ. ಅವರು ವಾಪಸ್ ಬರುವ ತನಕ, ಅಂದರೆ 108 ದಿನ, ನಮ್ಮಮ್ಮ ದಿನಾ ಸಂಜೆ ದೇವರಿಗೆ ದೀಪ ಹಚ್ಚುವಾಗ ಅವರ ಹೆಸರು ಹೇಳಿ ಕೈ ಮುಗಿಯುತ್ತಿದ್ದಳು. ಅವಳು ಅವರನ್ನು ಒಂದು ಸಲವೂ ಎದುರಿಗೆ ಕಂಡವಳಲ್ಲ. ತೋಟದ ಕೆಲಸ, ಮಳೆ, ಸಾಲ ಇವುಗಳ ನಡುವೆ ಬದುಕಿದ ಹೆಂಗಸಿಗೆ ಆ ಮನುಷ್ಯನ ಹಾಡು, ಮಾತು, ನಡತೆ ಎಷ್ಟು ಆಸರೆಯಾಗಿತ್ತು ಅಂತ ನನಗೆ ಗೊತ್ತು. ಹಾಗಾಗಿ, ನಟನೊಬ್ಬನ ಚಿತ್ರ ನೋಡಿ ನಿಮ್ಮಲ್ಲೊಬ್ಬನಿಗೆ ಬೆಳಿಗ್ಗೆ ಎದ್ದು ಗ್ಯಾರೇಜಿಗೆ ಹೋಗುವ ಹುರುಪು ಬರುತ್ತದೆ ಅಂದರೆ ನಾನು ನಂಬುತ್ತೇನೆ. ಅದಕ್ಕೆ ಬೆಲೆ ಕೊಡುತ್ತೇನೆ.

ನಿಮ್ಮ ಬಳಗದ ಬಗ್ಗೆ ನನಗೆ ಇನ್ನೊಂದು ಮೆಚ್ಚುಗೆಯಿದೆ. ನಮ್ಮ ಕಡೆ ಸಂಘಗಳಿಗೆ ಕೊರತೆಯಿಲ್ಲ. ಜಾತಿಗೊಂದು ಸಂಘ, ಪಕ್ಷಕ್ಕೊಂದು, ದೇವಸ್ಥಾನಕ್ಕೊಂದು, ಮಸೀದಿಗೊಂದು, ಬೆಳೆಗಾರರಿಗೊಂದು. ತೋಟದ ಕೂಲಿಗಳ ಲೈನ್ ಮನೆಯ ಹುಡುಗ, ಸಣ್ಣ ತೋಟದವನ ಮಗ, ಆಟೋ ಓಡಿಸುವವನು, ಹೋಟೆಲಿನಲ್ಲಿ ನೀರುದೋಸೆ ಹುಯ್ಯುವವನು, ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಲೆಕ್ಕ ಹಾಕುವ ಜಾಗ ಎಷ್ಟಿವೆ ಹೇಳಿ? ನಿಮ್ಮದು ಅಂಥದ್ದು. 2019ರ ಆಗಸ್ಟ್‌ನಲ್ಲಿ ಮಲೆಮನೆ, ಆಲೇಖಾನ್ ಕಡೆ ಗುಡ್ಡ ಜರಿದು ಮನೆ ತೋಟ ಕೊಚ್ಚಿಹೋಗಿ, ಚಾರ್ಮಾಡಿ ರಸ್ತೆಯೂ ಮುಚ್ಚಿದಾಗ, ಅಕ್ಕಿ ಕಂಬಳಿ ಹೊತ್ತು ಕೆಸರಲ್ಲಿ ನಡೆದವರು ಇಂಥ ಹುಡುಗರೇ. ಎರಡು ದಿನದಲ್ಲಿ ನೂರು ಮನೆ ಸುತ್ತಿ ಹಣ ಕೂಡಿಸುವ ಶಕ್ತಿ ಪಂಚಾಯಿತಿಗೂ ಇಲ್ಲ, ನಿಮಗಿದೆ. ಆ ಶಕ್ತಿ ಒಂದು ಖಡ್ಗವಾಗಿ ಬೆಂಗಳೂರಿನ ಯಾವುದೋ ಗಾಜಿನ ಬೀರುವಿಗೆ ಹೋಗಿ ಸೇರುವುದು ನನಗೆ ಸಹಿಸಲಾಗುತ್ತಿಲ್ಲ.

ಮೊದಲು ಆ 500 ರೂಪಾಯಿ ಎಲ್ಲಿಂದ ಬರುತ್ತದೆ ಅಂತ ನೋಡಿ. 2025ರ ಶುರುವಿನಲ್ಲಿ ರೋಬಸ್ಟಾ ಚೆರಿ 50 ಕಿಲೋ ಮೂಟೆಗೆ 10 ಸಾವಿರ ದಾಟಿದ್ದು ನಿಜ. ಅರೇಬಿಕಾ ಪಾರ್ಚ್‌ಮೆಂಟ್ 20 ಸಾವಿರ ದಾಟಿದ್ದೂ ನಿಜ. ಆ ಹಣ ಕಂಡದ್ದು ತೋಟ ಇದ್ದವರು. ನೀವು ಚಂದಾ ಕೇಳಲು ಹೋಗುವ ಮನೆಗಳಲ್ಲಿ ಅರ್ಧಕ್ಕರ್ಧ ಲೈನ್ ಮನೆಗಳು. ಅಲ್ಲಿ 500 ಅಂದರೆ ಒಂದು ದಿನದ ಕೂಲಿ. ಅದೂ ಕೆಲಸ ಇದ್ದ ದಿನದ್ದು. ಜುಲೈ ಮಳೆಯಲ್ಲಿ ವಾರಗಟ್ಟಲೆ ಕೆಲಸ ಇರುವುದಿಲ್ಲ. ಆ ಮನೆಯ ಹೆಂಗಸು ವಾರ ವಾರ ಸ್ವಸಹಾಯ ಸಂಘದ ಕಂತು ಕಟ್ಟಬೇಕು. ಒಂದು ವಾರ ತಪ್ಪಿದರೆ ಸಂಘದ ಉಳಿದ ಹೆಂಗಸರ ಮುಖ ನೋಡುವುದು ಕಷ್ಟ. ಮಗ ಬಳಗದಲ್ಲಿ ಇದ್ದಾನೆ ಅಂತ ಅವಳು ಕೊಡುತ್ತಾಳೆ. ಪಕ್ಕದ ಮನೆಯವರು ಕೊಟ್ಟರು ಅಂತ ಕೊಡುತ್ತಾಳೆ. ಅಂಗಡಿಯವರು ಕೊಡುವ ಕಾರಣ ಬೇರೆ. ಹತ್ತು ಹುಡುಗರು ಒಟ್ಟಿಗೆ ಬಂದು ನಿಂತಾಗ ಇಲ್ಲ ಅನ್ನುವ ಧೈರ್ಯ ಅವರಿಗೆ ಬರುವುದಿಲ್ಲ. ನೀವು ಯಾರನ್ನೂ ಹೆದರಿಸಿಲ್ಲ ಅಂತ ನನಗೆ ಗೊತ್ತು. ಆದರೂ ಇಲ್ಲ ಅನ್ನಲಾಗದವರ ಹತ್ತಿರ ತೆಗೆದುಕೊಂಡ ಹಣವನ್ನು ಪ್ರೀತಿಯ ಕಾಣಿಕೆ ಅಂತ ಕರೆಯಬೇಡಿ.

ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿ ಹೋಗಿರುವ ಕಾಲ ಇದು. ಖಡ್ಗಕ್ಕೆ ಇಂತಿಷ್ಟು, ಕಟೌಟಿಗೆ, ಕ್ರೇನಿಗೆ, ಪಟಾಕಿಗೆ, ಗಾಡಿಗೆ ಇಂತಿಷ್ಟು ಅಂತ ಲೆಕ್ಕ ಹಾಕಿದ್ದೀರಿ. ಬೆಂಗಳೂರಿಗೆ ಹೋದಮೇಲೆ ಏನಾಗುತ್ತದೆ? ಗೇಟಿನ ಹೊರಗೆ ರಾಜ್ಯದ ಮೂಲೆಮೂಲೆಯಿಂದ ಬಂದವರ ಸಾಲು. ಒಬ್ಬೊಬ್ಬರಿಗೂ ಕೆಲವು ಕ್ಷಣ. ಖಡ್ಗ ಕೈಗೆ ಬರುತ್ತದೆ, ಫೋಟೋ ಆಗುತ್ತದೆ, ಪಕ್ಕದಲ್ಲಿ ನಿಂತವರ ಕೈಗೆ ಹೋಗುತ್ತದೆ. ಆ ಫೋಟೋದಲ್ಲಿ ಬಳಗದ ಮುಂದಾಳು ಇರುತ್ತಾನೆ, ಇನ್ನೊಂದಿಬ್ಬರು ಇರುತ್ತಾರೆ. ಲೈನ್ ಮನೆಯ ಆ ಹೆಂಗಸು ಇರುವುದಿಲ್ಲ.

ದೊಡ್ಡದು ಮಾಡಬೇಕು ಅನ್ನುವ ಹಟ ಎಲ್ಲಿಗೆ ಹೋಗುತ್ತದೆ ಅಂತ ನಮ್ಮ ರಾಜ್ಯ ನೋಡಿಯಾಗಿದೆ. 2020ರ ಜನವರಿ 8ರಂದು ಯಶ್ ಅವರ ಹುಟ್ಟುಹಬ್ಬಕ್ಕೆ ಬೆಂಗಳೂರಿನಲ್ಲಿ 216 ಅಡಿ ಎತ್ತರದ ಕಟೌಟ್ ನಿಲ್ಲಿಸಿ 5,000 ಕಿಲೋ ಕೇಕ್ ಮಾಡಿಸಿದ್ದರು. ನಾಲ್ಕು ವರ್ಷದ ನಂತರ ಅದೇ ಹುಟ್ಟುಹಬ್ಬದ ಹಿಂದಿನ ರಾತ್ರಿ, 2024ರ ಜನವರಿ 7ರಂದು, ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ಹುಡುಗರು ಸುಮಾರು 25 ಅಡಿಯ ಕಟೌಟ್ ಎತ್ತುತ್ತಿದ್ದರು. ಅದು ಮೇಲಿನ ವಿದ್ಯುತ್ ತಂತಿಗೆ ತಗುಲಿತು. ಮೂವರು ಅಲ್ಲೇ ಹೋದರು. ಉಳಿದವರು ಗಾಯಗೊಂಡು ಆಸ್ಪತ್ರೆ ಸೇರಿದರು. ಹೋದವರೆಲ್ಲ ಇಪ್ಪತ್ತರ ಆಸುಪಾಸಿನವರು, ದುಡಿದು ತಿನ್ನುವ ಮನೆಗಳ ಮಕ್ಕಳು. ಮಾರನೇ ದಿನ ಯಶ್ ಸೂರಣಗಿಗೆ ಹೋಗಿ ಮೂರು ಮನೆಯವರನ್ನೂ ಕಂಡರು. ಹೀಗೆ ಅಭಿಮಾನ ತೋರಿಸಬೇಡಿ, ಮನೆಯವರನ್ನು ನೆನೆಯಿರಿ ಅಂತ ಬೇಡಿಕೊಂಡರು. ಯಶ್ ಅವರನ್ನು ನೋಡಲು ಹೊರಟ ಇನ್ನೊಬ್ಬ ಯುವಕ ಗದಗದಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ಮುಂದಿನ ವರ್ಷದ ಹುಟ್ಟುಹಬ್ಬಕ್ಕೆ ಮುಂಚೆ ಯಶ್ ಅಭಿಮಾನಿಗಳಿಗೆ ಪತ್ರ ಬರೆದು ಆಡಂಬರ ಬೇಡ ಅಂದರು. ಅಷ್ಟು ಬೇಡಿಕೊಂಡ ಮೇಲೂ ನಾವು ಕೇಳಿಸಿಕೊಳ್ಳುವುದಿಲ್ಲ ಅಂದರೆ ಅವರ ಮೇಲಿನ ಅಭಿಮಾನಕ್ಕೆ ಏನರ್ಥ?

ಇದು ಒಂದೇ ಸಲ ನಡೆದದ್ದೂ ಅಲ್ಲ. 2020ರ ಸೆಪ್ಟೆಂಬರ್ 1ರ ರಾತ್ರಿ ನಮ್ಮ ಗಡಿಗೆ ಹತ್ತಿಕೊಂಡ ಆಂಧ್ರದ ಕುಪ್ಪಂ ಕಡೆ ಪವನ್ ಕಲ್ಯಾಣ್ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುತ್ತಿದ್ದ ಮೂವರು ಇದೇ ರೀತಿ ಹೋದರು. 2023ರ ಜುಲೈನಲ್ಲಿ ಆಂಧ್ರದ ನರಸರಾವ್‌ಪೇಟೆಯಲ್ಲಿ ತಮಿಳು ನಟ ಸೂರ್ಯ ಅವರ ಹುಟ್ಟುಹಬ್ಬಕ್ಕೆ ಬ್ಯಾನರ್ ಕಟ್ಟುತ್ತಿದ್ದ ಇಬ್ಬರು ಹೋದರು. ಮೂರು ಕಡೆಯೂ ಕಾರಣ ಒಂದೇ. ಫ್ಲೆಕ್ಸಿನ ಚೌಕಟ್ಟು ಕಬ್ಬಿಣದ್ದು. ಅಗಲವಾದ ಹಾಳೆ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಹತ್ತು ಜನ ಹಿಡಿದಿದ್ದರೂ ಒಂದು ಬೀಸಿಗೆ ವಾಲುತ್ತದೆ. ಬೆಳಗಾಗುವುದರೊಳಗೆ ನಿಲ್ಲಿಸಬೇಕು ಅಂತ ಕೆಲಸ ನಡೆಯುವುದು ರಾತ್ರಿ. ತಂತಿ ಕಾಣುವುದಿಲ್ಲ. ಚೌಕಟ್ಟನ್ನು ಹಿಡಿದವರೆಲ್ಲರಿಗೂ ಒಟ್ಟಿಗೆ ಹೊಡೆಯುತ್ತದೆ, ಹಾಗಾಗಿಯೇ ಸಾಯುವವರು ಒಬ್ಬರಲ್ಲ, ಇಬ್ಬರು ಮೂವರು.

ಕರೆಂಟಿನ ವಿಷಯ ಈ ಸೀಮೆಯ ಮಕ್ಕಳಿಗೆ ಹೊಸದಾಗಿ ಹೇಳಬೇಕೇ? ಮೆಣಸು ಕೊಯ್ಯಲು, ಮರಗಸಿ ಮಾಡಲು ಅಲ್ಯೂಮಿನಿಯಂ ಏಣಿ ಎತ್ತಿ ಇಡುವಾಗ ಮೇಲಿನ ತಂತಿಗೆ ತಗುಲಿ ಸತ್ತವರ ಸುದ್ದಿ ಕೇಳದೆ ಮಲೆನಾಡಿನಲ್ಲಿ ಯಾವ ಕೊಯ್ಲು ಮುಗಿದಿದೆ? ನಿಮ್ಮಲ್ಲಿ ಕೆಲವರು ಆ ಏಣಿ ಹೊತ್ತವರೇ. ಬೆಳಿಗ್ಗೆ ತೋಟದಲ್ಲಿ ತಂತಿ ನೋಡಿ ಏಣಿ ಇಡುವ ಹುಡುಗ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ತಂತಿ ಮರೆಯುವುದು ನನಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಮಳೆ, ಮಂಜು ಬೇರೆ. ಒದ್ದೆ ಗಳುವೂ ಕರೆಂಟ್ ಹಾಯಿಸುತ್ತದೆ. ಕಟೌಟ್ ಕೆಲಸವನ್ನು ಪೂರ್ತಿ ಕೈಬಿಡಿ. ಪತ್ರದ ಉಳಿದ ಯಾವ ಮಾತನ್ನೂ ಒಪ್ಪದಿದ್ದರೂ ಇದೊಂದನ್ನು ಒಪ್ಪಿ. ಸಂಭ್ರಮ ಸಾವಾಗುವುದನ್ನು ಕಟೌಟಿಲ್ಲದ ಕಡೆಯೂ ಕಂಡಿದ್ದೇವೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಆರ್‌ಸಿಬಿ ಕಪ್ ನೋಡಲು ಹೋದ 11 ಮಂದಿ ನೂಕುನುಗ್ಗಲಿನಲ್ಲಿ ಸತ್ತರು. ಸಂತೋಷಪಡಲು ಮನೆಯಿಂದ ಹೊರಟವರು ಅವರು. ಇನ್ನು ಸಾಕು.

ನಮ್ಮವರನ್ನಷ್ಟೇ ಹೇಳುವುದು ನ್ಯಾಯವಲ್ಲ. ದುಡ್ಡಿರುವ ದೇಶಗಳಲ್ಲೂ ಇದೇ ಕಥೆ. 2021ರಲ್ಲಿ ಚೀನಾದ ಅಭಿಮಾನಿಗಳು ಕೊರಿಯಾದ ಬಿಟಿಎಸ್ ಗಾಯಕ ಜಿಮಿನ್‌ನ ಹುಟ್ಟುಹಬ್ಬಕ್ಕೆ ಒಂದು ವಿಮಾನದ ಮೈಮೇಲೆಲ್ಲ ಅವನ ಚಿತ್ರ ಹಾಕಿಸಲು ಚಂದಾ ಎತ್ತಿದರು. ಮೊದಲ ಮೂರೇ ನಿಮಿಷದಲ್ಲಿ 10 ಲಕ್ಷ ಯುವಾನ್ ಬಂತು. ಆ ಅಭಿಮಾನಿ ಬಳಗದ ಖಾತೆಯನ್ನು ಅಲ್ಲಿನ ವೈಬೋ ಜಾಲತಾಣ 60 ದಿನ ಮುಚ್ಚಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಒಂದು ಆನ್‌ಲೈನ್ ಪ್ರತಿಭಾ ಸ್ಪರ್ಧೆಗೆ ಓಟು ಹಾಕಲು ಹಾಲಿನ ಬಾಟಲಿಯ ಮುಚ್ಚಳದೊಳಗಿನ ಗುರುತು ಸ್ಕ್ಯಾನ್ ಮಾಡಬೇಕಿತ್ತು. ಮುಚ್ಚಳ ಇಟ್ಟುಕೊಂಡು ಬಾಟಲಿಗಟ್ಟಲೆ ಹಾಲನ್ನು ಚರಂಡಿಗೆ ಸುರಿಯುವ ದೃಶ್ಯ ಹೊರಬಂದಾಗ ಇಡೀ ದೇಶ ಸಿಟ್ಟಾಯಿತು. ನಡೆಸುತ್ತಿದ್ದ ಕಂಪನಿ ಕ್ಷಮೆ ಕೇಳಿತು, ಕೊನೆಯ ಕಂತೇ ಪ್ರಸಾರವಾಗಲಿಲ್ಲ. ನಾವು ಕಟೌಟಿನ ತಲೆಮೇಲೆ ಹುಯ್ಯುವ ಹಾಲೂ ಚರಂಡಿಗೇ ಹೋಗುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆದ್ದು ಕರೆದು ಡೇರಿಗೆ ಹಾಕಿದ ಹಾಲು ಅದು.

ಅದೇ ಕೊರಿಯಾದಲ್ಲಿ ಇನ್ನೊಂದು ರೂಢಿ ಬೆಳೆದಿದೆ. ಕಲಾವಿದರ ಕಾರ್ಯಕ್ರಮಕ್ಕೆ ಹೂವಿನ ದೊಡ್ಡ ದೊಡ್ಡ ಹಾರ ಕಳಿಸುತ್ತಿದ್ದ ಅಭಿಮಾನಿಗಳು ಈಗ ಅಕ್ಕಿ ಚೀಲ ಕಳಿಸುತ್ತಾರೆ. ಬಾಗಿಲಲ್ಲಿ ಕಲಾವಿದರ ಹೆಸರಿನ ಪಟ್ಟಿ ಹಾಕಿ ಚೀಲಗಳನ್ನು ಪೇರಿಸುತ್ತಾರೆ, ಕಾರ್ಯಕ್ರಮ ಮುಗಿದ ಮೇಲೆ ಅಕ್ಕಿ ಇಲ್ಲದವರ ಮನೆಗೆ, ಅನಾಥಾಲಯಕ್ಕೆ ಹೋಗುತ್ತದೆ. ಯಾರ ಅಭಿಮಾನಿಗಳು ಎಷ್ಟು ಚೀಲ ಕೊಟ್ಟರು ಅಂತ ಪೈಪೋಟಿಯೂ ಇದೆ. ಅಂಥ ಪೈಪೋಟಿ ಬಣಕಲ್ಲಿಗೂ ಮೂಡಿಗೆರೆಗೂ ನಡುವೆ ನಡೆದರೆ ನಾನು ಎರಡೂ ಕಡೆ ಚಂದಾ ಕೊಡುತ್ತೇನೆ.

ಅಷ್ಟು ದೂರ ಹೋಗುವುದೇಕೆ, ಅಭಿಮಾನಿಗಳು ಹಣ ಕೂಡಿಸಿ ಮಾಡಿದ ಅತ್ಯಂತ ಚೆಂದದ ಕೆಲಸಗಳಲ್ಲೊಂದು ನಮ್ಮ ತಾಲೂಕಿಗೇ ಸೇರಿದ್ದು. ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಬಗ್ಗೆ ನಿಮಗೆ ಗೊತ್ತು. ಮೂಡಿಗೆರೆಯ ಹ್ಯಾಂಡ್‌ಪೋಸ್ಟಿನ 'ನಿರುತ್ತರ'ದಲ್ಲಿ ತೋಟ ಮಾಡಿಕೊಂಡು, ಮೀನು ಹಿಡಿದು, ಹಕ್ಕಿ ಫೋಟೋ ತೆಗೆದು, ಬರೆದು, 2007ರ ಏಪ್ರಿಲ್ 5ರಂದು ಅಲ್ಲೇ ತೀರಿಕೊಂಡರು. ಹಾರ ಶಾಲು ಸನ್ಮಾನಗಳಿಂದ ದೂರವೇ ಇದ್ದವರು. ನಿಮ್ಮ ವಯಸ್ಸಿನವರು ಇವತ್ತಿಗೂ ಬೆಂಗಳೂರು, ಮೈಸೂರಿನಿಂದ ಬೈಕಿನಲ್ಲಿ ಬಂದು ಅವರ ಊರು ಯಾವುದು, ಅವರು ಗಾಳ ಹಾಕುತ್ತಿದ್ದ ಹೊಳೆ ಎಲ್ಲಿ ಅಂತ ಕೇಳುವುದನ್ನು ನೀವೇ ನೋಡಿದ್ದೀರಿ, ದಾರಿಯನ್ನೂ ತೋರಿಸಿದ್ದೀರಿ. ನಟರಿಗೆ ಮಾತ್ರ ಅಭಿಮಾನಿಗಳಿರುತ್ತಾರೆ ಅಂತ ಯಾರೂ ಹೇಳುವಂತಿಲ್ಲ.

ಈ ಮನುಷ್ಯನಿಗೆ ಅಭಿಮಾನಿಗಳು ಏನು ಕೊಟ್ಟರು? 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿ ಮುಸ್ತಾಫಾ ಅನ್ನುವ ಹುಡುಗನ ಕಥೆ ಇದೆ. ಸಣ್ಣ ಊರಿನ ಕಾಲೇಜಿಗೆ ಬಂದ ಒಬ್ಬನೇ ಒಬ್ಬ ಮುಸ್ಲಿಂ ಹುಡುಗ, ಅವನನ್ನು ಕಂಡರೆ ಮಿಕ್ಕವರಿಗೆ ಅನುಮಾನ, ಕುತೂಹಲ, ಆಮೇಲೆ ನಿಧಾನಕ್ಕೆ ಗೆಳೆತನ. ಆ ಕಥೆಯನ್ನು ಶಶಾಂಕ್ ಸೋಗಾಲ್ ಅನ್ನುವ ಹೊಸ ನಿರ್ದೇಶಕರು ಸಿನಿಮಾ ಮಾಡಲು ಹೊರಟಾಗ ತೇಜಸ್ವಿಯವರ ನೂರು ಮಂದಿ ಓದುಗರು ಕೈಯಿಂದ ಹಣ ಹಾಕಿ ನಿರ್ಮಾಪಕರಾದರು. ದೊಡ್ಡ ಹೀರೋ ಇಲ್ಲ, ಹೆಚ್ಚಿನವರೆಲ್ಲ ಹೊಸ ಮುಖಗಳು. ಡಾಲಿ ಧನಂಜಯ ಚಿತ್ರವನ್ನು ಅರ್ಪಿಸಿದರು. 2023ರ ಮೇ 19ರಂದು 'ಡೇರ್‌ಡೆವಿಲ್ ಮುಸ್ತಾಫಾ' ಬಿಡುಗಡೆಯಾಯಿತು. ಬಾಯಿಂದ ಬಾಯಿಗೆ ಹೋಗಿ ಜನ ನೋಡಿದರು, ಶಾಲಾ ಕಾಲೇಜು ಮಕ್ಕಳು ನೋಡಿದರು, ಸರ್ಕಾರ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. ಬರೆದವರು ತೀರಿಕೊಂಡು 16 ವರ್ಷವಾಗಿತ್ತು. ಆ ನೂರು ಮಂದಿಗೆ ಅವರ ಜೊತೆ ಫೋಟೋ ಸಿಗುವ ಪ್ರಶ್ನೆಯೇ ಇರಲಿಲ್ಲ. ಆದರೂ ಕೊಟ್ಟರು. ತಾವು ಯಾವುದನ್ನು ಪ್ರೀತಿಸಿದೆವೋ ಅದು ಇನ್ನಷ್ಟು ಜನಕ್ಕೆ ಸಿಗಲಿ ಅಂತ ಕೊಟ್ಟರು.

ಅದಕ್ಕೂ ಹತ್ತು ವರ್ಷ ಮುಂಚೆ ನಿರ್ದೇಶಕ ಪವನ್ ಕುಮಾರ್ 'ಲೂಸಿಯಾ' ಮಾಡಿದ್ದು ಹೀಗೇ. ನಿರ್ಮಾಪಕರು ಸಿಗದಿದ್ದಾಗ ಜನರನ್ನೇ ಕೇಳಿದರು. 27 ದಿನದಲ್ಲಿ 110 ಮಂದಿ 51 ಲಕ್ಷ ರೂಪಾಯಿ ಹಾಕಿದರು. 2013ರಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಅದಕ್ಕೇ ಬಂತು. ಕನ್ನಡದ ಅಭಿಮಾನಿಗಳಿಗೆ ಒಂದು ಸಿನಿಮಾ ಹುಟ್ಟಿಸುವ ತಾಕತ್ತಿದೆ ಅಂದಮೇಲೆ ನಿಮ್ಮ ಕೈಲಿರುವ ಹಣ ಸಣ್ಣದಲ್ಲ.

ಮೆಚ್ಚಿನವರಿಗೆ ಹಮ್ಮಿಣಿ ಅರ್ಪಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ತಗೊಂಡವರು ಅದನ್ನು ಏನು ಮಾಡಿದರು ಅನ್ನುವುದೂ ನೆನಪಿರಬೇಕು. 1970ರಲ್ಲಿ ಬೆಂಗಳೂರಿನ ಕಲಾಕ್ಷೇತ್ರದಲ್ಲಿ ಡಿ.ವಿ. ಗುಂಡಪ್ಪನವರನ್ನು ಸನ್ಮಾನಿಸಿ ದೊಡ್ಡ ಮೊತ್ತ ಕೊಟ್ಟಾಗ ಅವರು ಅಷ್ಟನ್ನೂ ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಬರೆದುಕೊಟ್ಟರು. ನಮ್ಮ ಮಲೆನಾಡಿನಲ್ಲಿ ಶಾಂತವೇರಿ ಗೋಪಾಲಗೌಡರು ಚುನಾವಣೆಗೆ ನಿಂತಾಗ ರೈತರು ಓಟಿನ ಜೊತೆ ನೋಟನ್ನೂ ಕೊಟ್ಟರು. ಆ ನೋಟು ಗೌಡರ ಮೈಮೇಲೆ ಒಡವೆಯಾಗಲಿಲ್ಲ. ಗೇಣಿದಾರರ ಪರವಾಗಿ ವಿಧಾನಸಭೆಯಲ್ಲಿ ಎದ್ದು ಮಾತಾಡುವ ದನಿಯಾಯಿತು.

ಘಟ್ಟದ ಕೆಳಗಿನ ಯಕ್ಷಗಾನದವರನ್ನು ನೋಡಿ. ಪಟ್ಲ ಸತೀಶ ಶೆಟ್ಟಿಯವರ ಪದ ಅಂದರೆ ನಮ್ಮ ಕಡೆಯವರೂ ರಾತ್ರಿ ನಿದ್ದೆ ಬಿಟ್ಟು ಘಟ್ಟ ಇಳಿಯುತ್ತಾರೆ. ಅಭಿಮಾನಿಗಳು ಅವರಿಗೆ ಚಿನ್ನದ ಕಿರೀಟವನ್ನೇ ಕೊಟ್ಟಾರು. ಆದರೆ ಪಟ್ಲರು 2015ರಲ್ಲಿ ಯಕ್ಷಧ್ರುವ ಪಟ್ಲ ಫೌಂಡೇಶನ್ ಕಟ್ಟಿದರು. ಅಭಿಮಾನಿಗಳ, ದಾನಿಗಳ ಹಣ ಈಗ ಅಲ್ಲಿಗೆ ಹೋಗುತ್ತದೆ. ಬಡ ವೇಷಧಾರಿಗೆ ಮನೆ, ಕಾಯಿಲೆ ಬಿದ್ದ ಕಲಾವಿದನಿಗೆ ನೆರವು ಅಲ್ಲಿಂದ ಬರುತ್ತದೆ. ಪದ ಹೇಳುವವರ ಮೇಲಿನ ಪ್ರೀತಿ ಗೆಜ್ಜೆ ಕಟ್ಟುವವನ ಮನೆಯ ಮಾಡಾಗುವುದು ನನಗೆ ಬಹಳ ಇಷ್ಟವಾದ ಸಂಗತಿ.

ಪುನೀತ್ ರಾಜ್‌ಕುಮಾರ್, ಅಂದರೆ ನಮ್ಮ ಅಪ್ಪು ವಿಷಯ ಬಂದರೆ ನಿಮ್ಮ ಕಣ್ಣೂ ತುಂಬುತ್ತದೆ. 2021ರ ಅಕ್ಟೋಬರ್ 29ರಂದು ಅವರು ಹೋದರು. ತಂದೆ ರಾಜ್‌ಕುಮಾರ್ ಅವರ ಹಾಗೆಯೇ ಕಣ್ಣು ಕೊಟ್ಟು ಹೋದರು, ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲು ಹೇಗೆ ಬೆಳೆಯಿತು ಅಂತ ಎಲ್ಲರೂ ಕಂಡಿದ್ದೇವೆ. ಅಭಿಮಾನಿ ತನ್ನ ನಟನಿಗೆ ಕೊಡಬಹುದಾದದ್ದರಲ್ಲಿ ಅದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ನಮ್ಮದೇ ಜಿಲ್ಲೆ ಕಡೂರು ತಾಲೂಕು ಪಂಚನಹಳ್ಳಿಯ ಸಂಚಾರಿ ವಿಜಯ್ ಅವರನ್ನೂ ಮರೆಯಬೇಡಿ. ರಾಷ್ಟ್ರಪ್ರಶಸ್ತಿ ಪಡೆದ ನಟ, ಕೋವಿಡ್ ಕಾಲದಲ್ಲಿ ಆಕ್ಸಿಜನ್ ತಲುಪಿಸುವ ಹುಡುಗರ ಜೊತೆ ತಿರುಗಿದರು. 2021ರ ಜೂನ್‌ನಲ್ಲಿ ಬೈಕ್ ಅಪಘಾತವಾದಾಗ ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು.

ಈಗ ನನ್ನ ಕೋರಿಕೆ.

ಅಪ್ಪು ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಅಂತ ಯೋಜನೆ ತಂದಿದೆ. ಎದೆನೋವು ಬಂದವರಿಗೆ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಜಯದೇವ ಆಸ್ಪತ್ರೆಯ ಜೊತೆ ಸಂಪರ್ಕ ಇಟ್ಟುಕೊಂಡು, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುವ ಏರ್ಪಾಡು. ಇದರಿಂದ ಹೆಚ್ಚು ಉಪಯೋಗ ಆಗಬೇಕಾದರೆ ಆದಷ್ಟು ಬೇಗ, ಸಾಧ್ಯವಾದರೆ ಮೊದಲ ಗಂಟೆಯಲ್ಲೇ ಆಸ್ಪತ್ರೆ ತಲುಪಬೇಕು. ನಮ್ಮಲ್ಲಿ ಕಷ್ಟ ಇರುವುದು ಅಲ್ಲೇ. ಬಾಳೂರಿನ ಒಳಗಿನ ಲೈನ್ ಮನೆಯಲ್ಲಿ ರಾತ್ರಿ ಒಂದು ಗಂಟೆಗೆ ಯಾರಿಗೋ ಎದೆ ಹಿಡಿದರೆ, ಮಳೆಗೆ ಮರ ಬಿದ್ದು ಫೋನ್ ಸಿಗದಿದ್ದರೆ, ಮೂಡಿಗೆರೆ ತಲುಪುವುದೇ ದೊಡ್ಡದು. ಹೆರಿಗೆ, ಹಾವು ಕಚ್ಚಿದ್ದು, ಚಾರ್ಮಾಡಿಯ ತಿರುವಿನಲ್ಲಿ ಬಿದ್ದ ಬೈಕ್ ಎಲ್ಲಕ್ಕೂ ಇದೇ ಪಾಡು. ಹಾಸನಕ್ಕೋ ಮಂಗಳೂರಿಗೋ ಒಯ್ಯಿರಿ ಅಂದರೆ ಬಾಡಿಗೆಗೆ ಹಣ ಹೊಂದಿಸುವಷ್ಟರಲ್ಲಿ ಹೊತ್ತು ಮೀರುತ್ತದೆ.

ನಿಮ್ಮ ಬಳಗದಲ್ಲಿ ಆಟೋ ಇರುವವರಿದ್ದಾರೆ, ಜೀಪು, ಪಿಕಪ್ ಓಡಿಸುವವರಿದ್ದಾರೆ, ಈ ಭಾಗದ ಒಂದೊಂದು ತೋಟದ ದಾರಿಯೂ ಕತ್ತಲಲ್ಲಿ ಗೊತ್ತಿರುವವರಿದ್ದಾರೆ. ಖಡ್ಗಕ್ಕೆ ಕೂಡಿಸಿದ ಹಣವನ್ನು ನಿಮ್ಮ ನಟರ ಹೆಸರಿನಲ್ಲೇ ಒಂದು 'ರಾತ್ರಿ ಗಾಡಿ' ನಿಧಿಯಾಗಿ ಇಡಿ. ಸರದಿ ಹಾಕಿಕೊಂಡು ದಿನಾ ರಾತ್ರಿ ಒಂದು ಗಾಡಿ ಸಿದ್ಧ ಇರಲಿ. ಡೀಸೆಲ್ ನಿಧಿಯಿಂದ ಹೋಗಲಿ, ಕಾಯಿಲೆಯವರ ಮನೆಯಲ್ಲಿ ಯಾರೂ ದುಡ್ಡಿನ ಮಾತೆತ್ತದಿರಲಿ. ಫೋನ್ ನಂಬರನ್ನು ಪ್ರತಿ ಲೈನಿನ ಗೋಡೆಗೂ ಬರೆಯಿರಿ, ಮೇಲೆ ನಿಮ್ಮ ನಟರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಎದೆ ಒತ್ತಿ ಉಸಿರು ಉಳಿಸುವುದು ಹೇಗೆ ಅಂತ ಮೂಡಿಗೆರೆ ಆಸ್ಪತ್ರೆಯ ವೈದ್ಯರನ್ನು ಕೇಳಿ ಕಲಿಯಿರಿ. ಹುಟ್ಟುಹಬ್ಬದ ದಿನ ರಕ್ತದಾನ ಇಟ್ಟುಕೊಳ್ಳಿ, ಯಾರ ರಕ್ತ ಯಾವ ಗುಂಪಿನದು ಅಂತ ಪಟ್ಟಿ ಮಾಡಿ. ಬೆಂಗಳೂರಿಗೆ ಹೋಗಲೇಬೇಕು ಅಂದರೆ ಹೋಗಿ. ಖಡ್ಗದ ಬದಲು ಆ ವರ್ಷ ಗಾಡಿ ಯಾರ್ಯಾರನ್ನು ಆಸ್ಪತ್ರೆಗೆ ಮುಟ್ಟಿಸಿತು ಅನ್ನುವ ಪುಸ್ತಕವನ್ನು ಅವರ ಕೈಗೆ ಕೊಡಿ. ಪ್ರತಿ ವರ್ಷ ಬರುವ ನೂರಾರು ಕಾಣಿಕೆಗಳಲ್ಲಿ ಅವರು ಕೂತು ಓದುವ ಕಾಣಿಕೆ ಅದೊಂದೇ ಆಗಿರುತ್ತದೆ ಅಂತ ನನಗೆ ನಂಬಿಕೆಯಿದೆ.

ಲೆಕ್ಕದ ಬಗ್ಗೆ ಒಂದು ಮಾತು. ಸ್ಕ್ಯಾನ್ ಮಾಡಿದ ಹಣ ಒಬ್ಬನ ಖಾತೆಗೆ ಹೋಗುವುದು ಬೇಡ. ಮೂವರ ಸಹಿಯಿಲ್ಲದೆ ತೆಗೆಯಲಾಗದ ಖಾತೆಯನ್ನು ಬ್ಯಾಂಕಿನಲ್ಲಿ ತೆರೆಯಿರಿ, ಮೂವರಲ್ಲಿ ಒಬ್ಬಳು ಹೆಣ್ಣುಮಗಳಿರಲಿ. ಬಂದದ್ದು, ಹೋದದ್ದು ತಿಂಗಳಿಗೊಮ್ಮೆ ಪಂಚಾಯಿತಿ ಬೋರ್ಡಿನ ಪಕ್ಕ ಅಂಟಿಸಿ. ಲೈನ್ ಮನೆಗಳಿಂದ ಈಗಾಗಲೇ ತೆಗೆದುಕೊಂಡ 500ನ್ನು ಅವರವರಿಗೆ ವಾಪಸ್ ಕೊಟ್ಟುಬಿಡಿ. ಅವರು ಹತ್ತು ರೂಪಾಯಿ ತಾವಾಗಿ ಕೊಟ್ಟರೆ ತೆಗೆದುಕೊಳ್ಳಿ. ಹಣ ಇರುವವರನ್ನು, ಹೋಂಸ್ಟೇ ನಡೆಸುವವರನ್ನು, ಕಾಫಿ ಬೆಲೆಯ ಲಾಭ ಕಂಡ ನನ್ನಂಥವರನ್ನು ಗಟ್ಟಿಯಾಗಿ ಕೇಳಿ.

ಖಡ್ಗಕ್ಕೆ ನಾನು ಒಂದು ರೂಪಾಯಿಯೂ ಕೊಡುವುದಿಲ್ಲ. ರಾತ್ರಿ ಗಾಡಿಗೆ ಈ ಸಲ 5,000 ಕೊಡುತ್ತೇನೆ, ಪ್ರತಿ ವರ್ಷ ಕಾಫಿ ಮಾರಿದ ಮೇಲೆ ಅಷ್ಟನ್ನೇ ಕೊಡುತ್ತೇನೆ. ನಮ್ಮ ಜೀಪಿನ ಕೀಲಿಯೂ ನಿಮ್ಮ ಸರದಿಗೆ ಸಿಗುತ್ತದೆ. ಬೆಳ್ಳಿ ಅಂಗಡಿಗೆ ಇನ್ನೂ ಮುಂಗಡ ಕೊಟ್ಟಿಲ್ಲ ಅಂತ ನೀವೇ ಹೇಳಿದಿರಿ. ಕೊಡುವ ಮುಂಚೆ ಎಲ್ಲರೂ ಸೇರಿ ಒಂದು ಸಲ ಕೂತು ಮಾತಾಡಿ. ನನ್ನನ್ನೂ ಕರೆಯಿರಿ, ಬರುತ್ತೇನೆ.

ನಿಮ್ಮೂರಿನ ಅಕ್ಕ,
ಬಣಕಲ್ ಹೋಬಳಿಯ ಒಬ್ಬಳು ಸಣ್ಣ ಕಾಫಿ ಬೆಳೆಗಾರ್ತಿ